ವೀರ್ಯದ ಗುಣಮಟ್ಟ ಮತ್ತು ಸಹಾಯಕ ಸಂತಾನೋತ್ಪತ್ತಿ ಚಿಕಿತ್ಸೆ

ಮಕ್ಕಳಾಗದಿರುವುದಕ್ಕೆ ಪತ್ನಿಯನ್ನೇ ಹೊಣೆಯಾಗಿಸುವುದು ಸಮಾಜದಲ್ಲಿ ಇಂದಿಗೂ ಕಂಡುಬರುತ್ತದೆ. ವಾಸ್ತವವಾಗಿ, ಸಂತಾನಹೀನತೆಯ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷ ಸಂಬಂಧಿ ಕಾರಣವೂ ಸೇರಿರುತ್ತದೆ. ಆದುದರಿಂದ ಪತಿ, ಪತ್ನಿ ಇಬ್ಬರ ತಪಾಸಣೆಯೂ ಏಕಕಾಲದಲ್ಲಿ ಆರಂಭವಾಗುವುದು ಅವಶ್ಯಕ.

ವೀರ್ಯ ಪರೀಕ್ಷೆ

ಇದು ಸರಳ ಹಾಗೂ ನೋವಿಲ್ಲದ ಪರೀಕ್ಷೆ. 2ರಿಂದ 7 ದಿನಗಳವರೆಗೆ ವೀರ್ಯಸ್ಖಲನವಾಗದಂತೆ ಸಂಯಮದಿಂದಿದ್ದು ಮಾದರಿ ನೀಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯು ನೀಡಿರುವ ಕನಿಷ್ಠ ಮಿತಿಗಳು ಹೀಗಿವೆ:

* ಪ್ರಮಾಣ: 1.4 ಮಿ.ಲೀ.
* ವೀರ್ಯಾಣುಗಳ ಸಂಖ್ಯೆ: ಪ್ರತಿ ಮಿ.ಲೀ.ಗೆ 1.6 ಕೋಟಿ
* ಒಟ್ಟು ಚಲನಶೀಲತೆ: ಶೇ. 42
* ಸಹಜ ಆಕಾರ: ಶೇ. 4

ಇದಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ಮಕ್ಕಳಾಗುವುದಿಲ್ಲವೆಂದು ಭಾವಿಸಬಾರದು. ಪರೀಕ್ಷೆಯನ್ನು ಪುನಃ ಮಾಡಿಸಿ ದೃಢಪಡಿಸಿಕೊಳ್ಳಬೇಕು.

ಚಿಕಿತ್ಸೆಯ ಮೇಲಿನ ಪರಿಣಾಮ

ಐ.ಯು.ಐ. ವಿಧಾನದಲ್ಲಿ ಸಂಸ್ಕರಿಸಿದ ವೀರ್ಯವನ್ನು ಗರ್ಭಾಶಯದೊಳಗೆ ಸೇರಿಸಲಾಗುತ್ತದೆ. ವೀರ್ಯಾಣುಗಳು ಸ್ವತಃ ಚಲಿಸಿ ಅಂಡಾಣುವನ್ನು ತಲುಪಬೇಕಾದುದರಿಂದ, ಸಂಖ್ಯೆ ಮತ್ತು ಚಲನಶೀಲತೆ ತೀರಾ ಕಡಿಮೆಯಿದ್ದಲ್ಲಿ ಯಶಸ್ಸಿನ ಸಾಧ್ಯತೆ ಕುಗ್ಗುತ್ತದೆ. ಪ್ರನಾಳ ಶಿಶು ವಿಧಾನದಲ್ಲಿ ಪ್ರಯೋಗಾಲಯದಲ್ಲಿಯೇ ಫಲೀಕರಣ ನಡೆಯುತ್ತದೆ. 1992ರಲ್ಲಿ ಪ್ರಥಮ ಯಶಸ್ಸು ವರದಿಯಾದ ಇಕ್ಸಿ ವಿಧಾನದಲ್ಲಿ ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಸೂಜಿಯ ಮೂಲಕ ಸೇರಿಸಲಾಗುತ್ತದೆ. ಸಂಖ್ಯೆ ಹಾಗೂ ಚಲನೆಯ ಕೊರತೆಯನ್ನು ಇದು ಬಹುಮಟ್ಟಿಗೆ ನೀಗಿಸುತ್ತದೆ. ಆದರೆ ವೀರ್ಯಾಣುವಿನ ಡಿ.ಎನ್.ಎ.ಗೆ ಆಗಿರುವ ಹಾನಿಯನ್ನು ಸರಿಪಡಿಸುವುದಿಲ್ಲ. ಪತ್ನಿಯ ವಯಸ್ಸು ಎಲ್ಲ ವಿಧಾನಗಳಲ್ಲಿಯೂ ಪ್ರಮುಖ ಅಂಶವಾಗಿರುತ್ತದೆ.

ಪುರುಷರು ಗಮನಿಸಬೇಕಾದ ಅಂಶಗಳು

ವೀರ್ಯಾಣು ಉತ್ಪತ್ತಿಗೆ ವೃಷಣಗಳ ಉಷ್ಣತೆಯು ದೇಹದ ಉಷ್ಣತೆಗಿಂತ ಕಡಿಮೆ ಇರಬೇಕು. ರಸೆಲ್ ಮಾರುಕಟ್ಟೆಯಂತಹ ವ್ಯಾಪಾರ ಪ್ರದೇಶಗಳಲ್ಲಿ ಬೇಕರಿ, ಹೋಟೆಲುಗಳ ಒಲೆಯ ಮುಂದೆ ದೀರ್ಘಕಾಲ ದುಡಿಯುವವರು ತಮ್ಮ ಕೆಲಸದ ಸ್ವರೂಪವನ್ನು ವೈದ್ಯರಿಗೆ ತಿಳಿಸಬೇಕು. ಬೀಡಿ, ಸಿಗರೇಟು, ಗುಟ್ಕಾ ಹಾಗೂ ಮದ್ಯಪಾನವನ್ನು ತ್ಯಜಿಸಬೇಕು. ದೇಹದಾರ್ಢ್ಯಕ್ಕಾಗಿ ಪಡೆಯುವ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಬಹುದು. ವೀರ್ಯಾಣು ಬೆಳೆದು ಹೊರಬರಲು ಸುಮಾರು 3 ತಿಂಗಳು ಬೇಕಾಗುವುದರಿಂದ, ಅಭ್ಯಾಸ ಬದಲಾವಣೆಯ ಫಲ ಕೂಡಲೇ ಕಾಣಿಸದು.

ಯಾವಾಗ, ಎಲ್ಲಿ ಸಂಪರ್ಕಿಸಬೇಕು?

ಒಂದು ವರ್ಷ ಪ್ರಯತ್ನಿಸಿಯೂ ಗರ್ಭಧಾರಣೆಯಾಗದಿದ್ದಲ್ಲಿ, ಪತ್ನಿಗೆ 35 ವರ್ಷ ಮೀರಿದ್ದರೆ 6 ತಿಂಗಳ ನಂತರವೇ, ವೈದ್ಯರನ್ನು ಕಾಣಬೇಕು. ಶಿವಾಜಿನಗರ ಭಾಗದವರು ಮಾರುಕಟ್ಟೆಯ ಸಮೀಪದಲ್ಲಿರುವ ಸರ್ಕಾರಿ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲಿ ಪ್ರಾಥಮಿಕ ಸಲಹೆ ಪಡೆಯಬಹುದು. ಖಾಸಗಿ ಕೇಂದ್ರಕ್ಕೆ ಹೋಗುವವರು, ಅದು 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮದಡಿ ನೋಂದಣಿಯಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹಣ ಪಾವತಿಸುವ ಮೊದಲು ಪತಿಯ ವೀರ್ಯ ಪರೀಕ್ಷೆಯ ವರದಿಯನ್ನೂ, ಸೂಚಿಸಲಾದ ವಿಧಾನಕ್ಕೆ ಕಾರಣವನ್ನೂ ಕೇಳಿ ತಿಳಿದುಕೊಳ್ಳುವುದು ದಂಪತಿಗಳ ಹಕ್ಕು.