ಎಳೆಯ ರೇಸ್ ಕುದುರೆಗಳ ಕಾಲು ಮೂಳೆ ನೋವು: ತಿಳಿದಿರಬೇಕಾದ ಸಂಗತಿಗಳು



ವಯನಾಡಿನಲ್ಲಿ ರೇಸ್ ಕೋರ್ಸ್ ಇಲ್ಲ. ಆದರೂ ಈ ಲೇಖನಕ್ಕೆ ಕಾರಣವಿದೆ. ಕಳೆದ ತಿಂಗಳು ಸದಸ್ಯರೊಬ್ಬರು ಫೋನ್ ಮಾಡಿದ್ದರು. ಅವರ ಮಗ ಗಡಿಯಾಚೆಯ ಒಂದು ಕುದುರೆ ಲಾಯದಲ್ಲಿ ಕೆಲಸಕ್ಕಿದ್ದಾನೆ. ಅವನು ನೋಡಿಕೊಳ್ಳುವ ಎರಡು ವರ್ಷದ ಕುದುರೆ, ಮುಂಗಾಲು ಮುಟ್ಟಿದರೆ ಎಳೆದುಕೊಳ್ಳುತ್ತದಂತೆ. ಹೇಳಿದರೆ ತನ್ನ ಮೇಲೇ ತಪ್ಪು ಬರಬಹುದೆಂದು ಹುಡುಗ ಸುಮ್ಮನಿದ್ದಾನೆ. ನಾನು ಗುಮಾಸ್ತಿಕೆಯಿಂದ ನಿವೃತ್ತನಾದವನು, ಪಶುವೈದ್ಯನಲ್ಲ. ಆದರೂ ಓದಿ, ಕೇಳಿ ತಿಳಿದ ಮೇಲೆ ನನ್ನ ಉತ್ತರ ಒಂದೇ: ಇವತ್ತೇ ಹೇಳಲಿ. ಯಾಕೆಂಬುದು ಕೆಳಗಿದೆ.

ನೋವು ಎಲ್ಲಿ, ಯಾಕೆ?

ಕುದುರೆಯ ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡವಿಲ್ಲ. ಮೂಳೆ, ನರದಂಥ ಕಂಡರ, ಚರ್ಮ ಅಷ್ಟೆ. ಅಲ್ಲಿರುವ ಉದ್ದ ಮೂಳೆಗೆ ಕ್ಯಾನನ್ ಮೂಳೆ ಎನ್ನುತ್ತಾರೆ. ಎರಡನೆಯ ವರ್ಷಕ್ಕೆ ತಾಲೀಮು ಶುರುವಾದಾಗ ಈ ಮೂಳೆ ಇನ್ನೂ ಎಳಸು. ವೇಗದ ಓಟದಲ್ಲಿ ಅದರ ಮುಂಭಾಗಕ್ಕೆ ಪೆಟ್ಟು ಬಿದ್ದಂತೆಲ್ಲ ದೇಹ ಹೊಸ ಮೂಳೆ ಕಟ್ಟುತ್ತದೆ. ಕಟ್ಟುವ ವೇಗಕ್ಕಿಂತ ಸವೆಯುವ ವೇಗ ಹೆಚ್ಚಾದರೆ ಊತ, ಬಿಸಿ, ನೋವು. ಇದಕ್ಕೆ ಬಕ್ಡ್ ಶಿನ್ ಎಂಬ ಹೆಸರು. ಅಮೆರಿಕದಲ್ಲಿ ತಾಲೀಮಿನಲ್ಲಿರುವ ಎಳೆಯ ಕುದುರೆಗಳಲ್ಲಿ ಸುಮಾರು 70 ಶೇಕಡಾಕ್ಕೆ ಇದು ಬರುತ್ತದೆಂಬ ಲೆಕ್ಕವಿದೆ. ಅಂದರೆ ಇದು ಕುದುರೆ ಆಳಿನ ತಪ್ಪಲ್ಲ.

ಗುರುತಿಸುವುದು ಹೇಗೆ?

ದಿನವೂ ಕಾಲು ತೊಳೆದು ಉಜ್ಜುವವನ ಕೈಗೇ ಇದು ಮೊದಲು ಗೊತ್ತಾಗುವುದು.

1. ಮೂಳೆಯ ಮುಂಭಾಗವನ್ನು ಬೆರಳಿನಿಂದ ಒತ್ತಿದಾಗ ಕಾಲು ಎಳೆದುಕೊಳ್ಳುವುದು, ಮುಟ್ಟಿದರೆ ಬಿಸಿ ಇರುವುದು.
2. ಓಟದ ಮರುದಿನ ಹೆಜ್ಜೆ ಚಿಕ್ಕದಾಗುವುದು.
3. ಪಕ್ಕದಿಂದ ನೋಡಿದಾಗ ಮೂಳೆ ಮುಂದಕ್ಕೆ ಉಬ್ಬಿರುವುದು.

ಮಂಡಿಯ ಕೆಳಗೆ ಒಳಮಗ್ಗುಲಲ್ಲಿ ಗಂಟು ಕಟ್ಟಿದರೆ ಅದು ಸ್ಪ್ಲಿಂಟ್ ಎಂಬ ಬೇರೆ ತೊಂದರೆ. ಬಿಸಿ ಆರುವವರೆಗೆ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಆರೈಕೆ

ಓಟ ನಿಲ್ಲಿಸಬೇಕು. ದಿನಕ್ಕೆ ಎರಡು ಮೂರು ಸಲ ಸುಮಾರು 20 ನಿಮಿಷ ತಣ್ಣೀರು ಬಿಡಬೇಕು. ವೈದ್ಯರು ಹೇಳಿದಂತೆ ಕೈಯಲ್ಲಿ ಹಿಡಿದು ನಡೆಸಬೇಕು. ಎಕ್ಸ್-ರೇಯಲ್ಲಿ ಕೂದಲೆಳೆಯ ಬಿರುಕು ಮೊದಲ ದಿನ ಕಾಣದೆಯೂ ಇರಬಹುದು. ನೋವು ಉಳಿದಿದ್ದರೆ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೊಮ್ಮೆ ತೆಗೆಸಬೇಕು. ಬಿರುಕು ಇದ್ದರೆ ತಿಂಗಳುಗಟ್ಟಲೆ ವಿಶ್ರಾಂತಿ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ.

ಫಿನೈಲ್‌ಬ್ಯೂಟಜೋನ್‌ನಂಥ ನೋವಿನ ಔಷಧಿಯನ್ನು ವೈದ್ಯರು ಹೇಳಿದರೆ ಕೊಡಬಹುದು. ಆದರೆ ಅದನ್ನು ಕೊಟ್ಟು ಓಡಿಸಕೂಡದು. ನೋವು ಮರೆತ ಕುದುರೆ ಬಿರುಕು ಬಿಟ್ಟ ಮೂಳೆಯ ಮೇಲೆ ಪೂರ್ತಿ ಭಾರ ಹಾಕುತ್ತದೆ. ಓಟದ ನಡುವೆ ಮೂಳೆ ಮುರಿದರೆ ಕುದುರೆಯ ಜೊತೆ ಜಾಕಿಯ ಜೀವಕ್ಕೂ ಅಪಾಯ.

ಹಾಗೆಂದು ವಿಶ್ರಾಂತಿಯೊಂದರಿಂದಲೇ ಮೂಳೆ ಗಟ್ಟಿಯಾಗುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾ. ಡೇವಿಡ್ ನುನಾಮೇಕರ್ ಕಂಡುಕೊಂಡಂತೆ, ಬರೀ ದೂರದ ನಿಧಾನ ಓಟಕ್ಕಿಂತ, ಸ್ವಲ್ಪ ದೂರದ ವೇಗದ ಓಟವನ್ನು ವಾರವಾರವೂ ಅಳತೆಯಿಂದ ಹೆಚ್ಚಿಸುತ್ತ ಹೋದರೆ ಮೂಳೆ ಆ ವೇಗಕ್ಕೆ ಒಗ್ಗುತ್ತದೆ.

ನಮ್ಮ ಕಡೆ ಕುದುರೆ ಸಾಕಿರುವವರಿಗೆ

ಮೇವು: ವಯನಾಡಿನಲ್ಲಿ ಹಸುಗಳಿಗೆ ಹಾಕುವ ಹೈಬ್ರಿಡ್ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಅಂಶ ಹೆಚ್ಚು. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಸುವಿನ ಹೊಟ್ಟೆ ಅದನ್ನು ಬಹುಮಟ್ಟಿಗೆ ಕರಗಿಸಿಕೊಳ್ಳುತ್ತದೆ, ಕುದುರೆಗೆ ಅದಾಗದು. ಜೊತೆಗೆ ರಂಜಕ ಹೆಚ್ಚಿರುವ ಗೋಧಿ ಬೂಸಾ ಧಾರಾಳವಾಗಿ ಹಾಕಿದರೆ ಮೂಳೆ ಮತ್ತಷ್ಟು ಸಡಿಲವಾಗುತ್ತದೆ. ಆದ್ದರಿಂದ ಇದೇ ಮುಖ್ಯ ಮೇವಾಗದಿರಲಿ.

ಸಾಗಣೆ: ಮೂಳೆ ಮುರಿದಿದೆಯೆಂಬ ಅನುಮಾನವಿದ್ದರೆ ಒಂದು ಹೆಜ್ಜೆಯೂ ನಡೆಸಬೇಡಿ, ವೈದ್ಯರು ಬಂದು ದಬ್ಬೆ ಕಟ್ಟಿದ ಮೇಲೆಯೇ ವಾಹನಕ್ಕೆ ಹತ್ತಿಸಬೇಕು. ಪೆಟ್ಟು ಮುಂಗಾಲಿಗಾದರೆ ಕುದುರೆಯ ಮುಖ ವಾಹನದ ಹಿಂಬದಿಗಿರಲಿ. ಆಗ ಬ್ರೇಕ್ ಹಾಕಿದಾಗ ಭಾರ ಹಿಂಗಾಲಿಗೆ ಹೋಗುತ್ತದೆ.

ದಾರಿ: ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆ ಹೊತ್ತಿನಲ್ಲಿ ಮೈಸೂರಿಗೆ ಹೋಗಬೇಕಾದರೆ ಕುಟ್ಟ, ಗೋಣಿಕೊಪ್ಪಲು, ಹುಣಸೂರು ದಾರಿಯೇ ಗತಿ. ಅದಕ್ಕಿಂತ ಮೊದಲು ವೈತಿರಿ ಬಳಿಯ ಪೂಕೋಡಿನಲ್ಲಿರುವ ಕೇರಳ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು.

ಕೊನೆಯದಾಗಿ, ಲಾಯಗಳಲ್ಲಿ ಕೆಲಸ ಮಾಡುವ ಮಕ್ಕಳಿರುವ ಸದಸ್ಯರಲ್ಲಿ ಒಂದು ವಿನಂತಿ. ಕಾಲು ಬಿಸಿಯಿದ್ದ ದಿನಾಂಕ, ಯಾವ ಕಾಲು, ಯಾರಿಗೆ ಹೇಳಿದೆ ಎಂಬುದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಲು ಅವರಿಗೆ ಹೇಳಿ. ಬರೆದಿಟ್ಟದ್ದು ಕುದುರೆಯನ್ನೂ ಕಾಯುತ್ತದೆ, ಹುಡುಗನನ್ನೂ ಕಾಯುತ್ತದೆ. ಮೂವತ್ತು ವರ್ಷ ಕಡತ ಬರೆದವನ ಮಾತಿದು.

– ಕಾರ್ಯದರ್ಶಿ