ಪುರಭವನದ ಕಂಬ ಮತ್ತು ಮೆಟ್ಟಿಲು

ಆಲೂರು, ಸಕಲೇಶಪುರದ ಮಲೆಸೀಮೆಯಲ್ಲಿ ಬೆಳೆದವರ ಕಣ್ಣು ಸಹಜವಾಗಿಯೇ ನೆರೆಯ ಬೇಲೂರು, ಹಳೇಬೀಡುಗಳ ಶಿಲ್ಪಕ್ಕೆ ಒಗ್ಗಿರುತ್ತದೆ. ಅಂಥ ಕಣ್ಣಿಗೆ ಬೆಂಗಳೂರಿನ ಸರ್ ಪುಟ್ಟಣ್ಣಚೆಟ್ಟಿ ಪುರಭವನವು ಮೊದಲ ನೋಟಕ್ಕೆ ಬರಿದಾಗಿ ತೋರುವುದು ಆಶ್ಚರ್ಯವಲ್ಲ. ಆದರೆ ಈ ಸರಳತೆಗೂ ಒಂದು ಅರ್ಥವಿದೆ.

ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಮಾರ್ಚ್ 6ರಂದು ಇದಕ್ಕೆ ಅಡಿಗಲ್ಲಿಟ್ಟರು. 1935ರಲ್ಲಿ ಕಟ್ಟಡವು ಉದ್ಘಾಟನೆಗೊಂಡಿತು. ಆಗ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದರು. ಗಮನಿಸಬೇಕಾದ ಅಂಶವೆಂದರೆ, ಈ ರಂಗಮಂದಿರಕ್ಕೆ ಅರಸರ ಹೆಸರಿಲ್ಲ. ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿದ್ದ ಕೆ. ಪಿ. ಪುಟ್ಟಣ್ಣಚೆಟ್ಟರ ಹೆಸರಿದೆ. ಅರಮನೆಯ ಆಶ್ರಯದಲ್ಲಿದ್ದ ಸಭೆ, ನಾಟಕ, ಸಂಗೀತಗಳಿಗೆ ನಗರದ ಪ್ರಜೆಗಳದೇ ಆದ ಒಂದು ಮನೆ ದೊರೆಯಿತು.

ಕಟ್ಟಡದ ಶೈಲಿ ನವ ಅಭಿಜಾತ. 18ನೆಯ ಶತಮಾನದ ನಡುವೆ ಹರ್ಕ್ಯುಲೇನಿಯಂ, ಪೊಂಪೆಯಿ ನಗರಗಳ ಉತ್ಖನನ ನಡೆದ ಬಳಿಕ ಯುರೋಪಿನಲ್ಲಿ ಗ್ರೀಕ್, ರೋಮನ್ ವಾಸ್ತುವಿನ ಮೇಲೆ ಹೊಸ ಆಸಕ್ತಿ ಹುಟ್ಟಿತು. ಈ ಶೈಲಿ ಅದರ ಫಲ. ಪುರಭವನದ ಎತ್ತರದ ಕಂಬಗಳು ಟಸ್ಕನ್ ಕ್ರಮದವು. ಅಭಿಜಾತ ಸ್ತಂಭಕ್ರಮಗಳಲ್ಲಿ ಇದೇ ಅತ್ಯಂತ ಸರಳ: ಕಾಂಡಕ್ಕೆ ಉದ್ದಗೆರೆಗಳಿಲ್ಲ, ಬೋದಿಗೆಯಲ್ಲಿ ಎಲೆಬಳ್ಳಿಗಳಿಲ್ಲ. ಇಲ್ಲಿ ಅಲಂಕಾರವು ಕೆತ್ತನೆಯಲ್ಲಿಲ್ಲ. ಕಂಬಗಳ ಸಾಲು, ಅವುಗಳ ನಡುವಣ ನೆರಳು, ಕೆಳಗೆ ಹರಡಿದ ವಿಶಾಲ ಮೆಟ್ಟಿಲುಗಳ ಪರಸ್ಪರ ಪ್ರಮಾಣದಲ್ಲಿದೆ.

ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಇದರೊಡನೆ ಹೋಲಿಸಬಹುದು. ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದ ಆ ಬಸದಿಯ ಹೊರಗೋಡೆಯೂ ಸರಳವೇ. ಅದರ ಸೊಬಗೆಲ್ಲ ಒಳಗೆ, ನವರಂಗದ ನುಣುಪಾದ ತಿರುಗಣೆ ಕಂಬಗಳಲ್ಲಿ. ಒಳಹೊಕ್ಕವನಿಗೆ ಮಾತ್ರ ಅದು ದಕ್ಕುತ್ತದೆ. ಪುರಭವನದ ಕಂಬಗಳಾದರೋ ಬೀದಿಗೆ ಮುಖಮಾಡಿ ನಿಂತಿವೆ; ಒಳಗೆ ಕಾಲಿಡದ ದಾರಿಹೋಕನಿಗೂ ಅವು ಸೇರಿದವು.

ಈ ವಾಸ್ತುವಿನ ಇಂಗಿತವನ್ನು ನಗರವು ತನ್ನದೇ ರೀತಿಯಲ್ಲಿ ಗ್ರಹಿಸಿತು. ಒಳಗಿನ ವೇದಿಕೆಯಲ್ಲಿ ನಾಟಕ ನಡೆಯುತ್ತಿದ್ದರೆ, ಹೊರಗಿನ ಮೆಟ್ಟಿಲುಗಳು ಕಾರ್ಮಿಕರು, ಲೇಖಕರು, ವಿದ್ಯಾರ್ಥಿಗಳು ದನಿಯೆತ್ತುವ ಎರಡನೆಯ ರಂಗವಾದವು. 2019ರ ಡಿಸೆಂಬರ್ 19ರಂದು ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ಪಡೆದದ್ದು ಇದರ ಬಳಿಯೇ. ಮುಂದೆ 2021ರ ಸರ್ಕಾರಿ ಆದೇಶವು ಬೆಂಗಳೂರಿನ ಪ್ರತಿಭಟನೆಗಳನ್ನು ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತಗೊಳಿಸಿತು.

ಸಂಚಾರದ ತೊಡಕು ಸುಳ್ಳಲ್ಲ. ಆದರೆ ಕಟ್ಟಡದ ಸಂರಕ್ಷಣೆಯೆಂದರೆ ಸುಣ್ಣಬಣ್ಣವಷ್ಟೇ ಅಲ್ಲ, ಅದರ ಬಳಕೆಯ ಸಂರಕ್ಷಣೆಯೂ ಹೌದು. ನವರಂಗದಿಂದ ನರ್ತನ ಮರೆಯಾದ ಮೇಲೆ ನಾವು ಕಂಬಗಳನ್ನಷ್ಟೇ ಅಳೆಯುತ್ತಿದ್ದೇವೆ. ಪುರಭವನದ ಮೆಟ್ಟಿಲುಗಳೂ ಜನರಿಲ್ಲದೆ ಬರಿಯ ಕಲ್ಲಾಗಬಾರದು.