ಸುಟ್ಟ ಮಣ್ಣಿನ ಗುರುತು

ಮಡಕೆಯಷ್ಟು ಬೇಗ ಒಡೆಯುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಆದರೆ ಮಡಕೆಯ ಚೂರಿನಷ್ಟು ಕಾಲ ಬಾಳುವ ವಸ್ತುವೂ ಅಪರೂಪವೇ. ಮರ ಗೆದ್ದಲಿಗೆ ಹೋಗುತ್ತದೆ, ಬಟ್ಟೆ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಂಗಾರವನ್ನು ಕರಗಿಸಿ ಮೊಮ್ಮಗಳಿಗೆ ಬೇರೆ ಒಡವೆ ಮಾಡಿಸುತ್ತೇವೆ. ಜೇಡಿಮಣ್ಣನ್ನು ಮಾತ್ರ ಒಮ್ಮೆ 600 ಡಿಗ್ರಿ ದಾಟಿಸಿ ಸುಟ್ಟರೆ ಅದನ್ನು ಮತ್ತೆ ಕಲಸಿ ಮಣ್ಣು ಮಾಡಲು ಬರುವುದಿಲ್ಲ. ಮಳೆಯಲ್ಲಿ ನೂರಾರು ವರ್ಷ ನೆನೆದರೂ ಅದು ಕರಗದು. ಹಾಗಾಗಿಯೇ ಶಾಸನ, ನಾಣ್ಯ ಯಾವುದೂ ಸಿಗದ ಕಾಲದ ಚರಿತ್ರೆಯನ್ನು ಹುಡುಕುವವರು ಮೊದಲು ಆರಿಸುವುದು ಬೋಕಿಬಿಲ್ಲೆಗಳನ್ನು. ಯಾವಳೋ ಗೃಹಿಣಿ ಬೇಸರದಿಂದ ತಿಪ್ಪೆಗೆ ಎಸೆದದ್ದನ್ನು ವಿದ್ವಾಂಸರು ಕುಂಚದಿಂದ ಒರೆಸಿ, ನಂಬರು ಹಾಕಿ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ!

ನಾನು ಇತಿಹಾಸ ಓದಿದವಳು. ಓದುವ ಕಾಲಕ್ಕೆ 'ಕಪ್ಪು ಮತ್ತು ಕೆಂಪು ವರ್ಣದ ಮಡಕೆ' ಎಂಬ ಮಾತನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಕೈಗೆ ನಿಜವಾಗಿ ಮಣ್ಣು ಅಂಟಿದ್ದು ಐವತ್ತು ದಾಟಿದ ಮೇಲೆ. ಮಕ್ಕಳು ಅವರವರ ದಾರಿ ಹಿಡಿದಿದ್ದರು, ಮಧ್ಯಾಹ್ನದ ಹೊತ್ತು ನನ್ನದಾಗಿತ್ತು. ನಮ್ಮ ಊರಿನಲ್ಲೇ ನಡೆದ ಆರು ತಿಂಗಳ ಕುಂಬಾರಿಕೆ ತರಗತಿಗೆ ಸೇರಿದೆ. ಜೊತೆಯಲ್ಲಿದ್ದವರು ಹೆಚ್ಚಾಗಿ ಕಾಲೇಜು ಹುಡುಗಿಯರು. ಕೊನೆಯ ಎರಡು ತಿಂಗಳಿಗೆ ಮೇಷ್ಟ್ರು ಕೊಟ್ಟ ಕೆಲಸ ಇಷ್ಟೇ: ಮಾರುವುದಕ್ಕಲ್ಲ, ಪ್ರದರ್ಶನಕ್ಕಲ್ಲ, ನಿಮ್ಮ ಬದುಕಿಗೆ ಸಂಬಂಧಪಟ್ಟ ಮೂರು ಪಾತ್ರೆ ಮಾಡಿ. ಹುಡುಗಿಯರು ಹೂವು, ಸೂರ್ಯ, ತಮ್ಮ ಹೆಸರಿನ ಮೊದಲಕ್ಷರ ಎಲ್ಲವನ್ನೂ ಕೆತ್ತತೊಡಗಿದರು. ನನಗೋ ಪ್ರಶ್ನೆ ಹುಟ್ಟಿತು. ಪಾತ್ರೆಗೆ ಅರ್ಥ ಬರುವುದು ಮೇಲೆ ಬಿಡಿಸಿದ ಚಿತ್ತಾರದಿಂದಲೇ? ಅಥವಾ ಅದು ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಬಂತು ಎಂಬುದರಿಂದಲೇ? ನನಗೆ ಗೊತ್ತಿದ್ದ ವಿದ್ಯೆ ಇತಿಹಾಸವೊಂದೇ ಆದ್ದರಿಂದ ಅದನ್ನೇ ಕೇಳಿದೆ.

ಮೊದಲ ಪಾತ್ರೆಯನ್ನು ತಿಗರಿ ಮುಟ್ಟದೆ, ಬರಿಗೈಯಲ್ಲಿ ಮಾಡಬೇಕೆಂದುಕೊಂಡೆ. ಚಕ್ಕುಲಿ ಸುತ್ತುವಂತೆ ಮಣ್ಣಿನ ಎಳೆ ಹೊಸೆದು, ಒಂದರ ಮೇಲೊಂದು ಸುತ್ತಿ, ಬೆರಳಿನಿಂದ ಸವರಿ ಗೋಡೆ ಎಬ್ಬಿಸುವುದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಹೆಸರನ್ನು ನೀವು ಕೇಳಿರಬಹುದು. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆತ ನಡೆಸಿದಾಗ ಅಶೋಕನಿಗಿಂತ ಎಷ್ಟೋ ಹಿಂದಿನ ಜನರ ವಸತಿ ಹೊರಬಂತು. ಕಲ್ಲಿನ ಕೊಡಲಿ ಹಿಡಿದು, ದನ ಸಾಕಿ ಬದುಕಿದ ಜನ. ನಮ್ಮ ಸೀಮೆಯ ಈ ನವಶಿಲಾಯುಗವನ್ನು ಈಗ ಸುಮಾರು ಕ್ರಿ.ಪೂ. 3000ದಿಂದ ಕ್ರಿ.ಪೂ. 1200ರವರೆಗೆ ಎಂದು ಲೆಕ್ಕ ಹಾಕುತ್ತಾರೆ. ಅವರ ಬೂದುಬಣ್ಣದ ಒರಟು ಮಡಕೆಗಳು ಬಹುಪಾಲು ಕೈಯಿಂದಲೇ ಆದವು.

ಆ ಕೈ ಯಾರದು? ಚಕ್ರ ಬರುವುದಕ್ಕೆ ಮುಂಚೆ ಮಡಕೆ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರೇ ಇರಬೇಕೆಂದು ಹಲವು ಮಾನವಶಾಸ್ತ್ರಜ್ಞರು ಊಹಿಸುತ್ತಾರೆ. ನೀರು ತರುವವಳು, ಅಟ್ಟು ಬಡಿಸುವವಳು, ಕಾಳು ತುಂಬಿಡುವವಳು ತನಗೆ ಬೇಕಾದದ್ದನ್ನು ತಾನೇ ಮಾಡಿಕೊಂಡಿರುವುದು ಸಹಜವಲ್ಲವೇ? ಊಹೆಗೆ ಬೆಂಬಲವಾಗಿ ಜೀವಂತ ಸಾಕ್ಷಿಯೂ ಇದೆ. ಮಣಿಪುರದ ಆಂಡ್ರೋ, ತೋಂಗ್‌ಜಾವೊ ಎಂಬ ಹಳ್ಳಿಗಳಲ್ಲಿ ಮಡಕೆ ಮಾಡುವವರು ಹೆಂಗಸರು. ಅವರಿಗೆ ತಿಗರಿಯೇ ಇಲ್ಲ. ಚಕ್ರ ತಿರುಗುವ ಬದಲು ಅವರೇ ಮಡಕೆಯ ಸುತ್ತ ತಿರುಗುತ್ತಾರೆ. ತೋಂಗ್‌ಜಾವೊದ ನೀಲಮಣಿ ದೇವಿಯವರಿಗೆ 2007ರಲ್ಲಿ ಪದ್ಮಶ್ರೀ ಬಂತು.

ತಿಗರಿ ಬಂದ ಕಡೆಯಲ್ಲೆಲ್ಲ ಕತೆ ಬೇರೆಯಾಯಿತು. ನಮ್ಮ ದೇಶದ ಬಹಳಷ್ಟು ಕಡೆ ಹೆಣ್ಣು ತಿಗರಿಯನ್ನು ಮುಟ್ಟಬಾರದೆಂಬ ಕಟ್ಟು ಬೆಳೆಯಿತು. ಮಣ್ಣು ತಂದು ಕುಟ್ಟಿ ಜರಡಿ ಹಿಡಿಯುವುದು, ತುಳಿದು ಹದ ಮಾಡುವುದು, ಒಣಗಿಸುವುದು, ಕೆಮ್ಮಣ್ಣು ಬಳಿದು ಉಜ್ಜುವುದು, ಸಂತೆಗೆ ಹೊತ್ತು ಮಾರುವುದು, ಇವೆಲ್ಲ ಅವಳ ಪಾಲಿಗೆ. ಚಕ್ರದ ಮೇಲೆ ಮಡಕೆ ಎದ್ದು ನಿಲ್ಲುವ ಆ ಒಂದು ಗಳಿಗೆ ಮಾತ್ರ ಅವನದು. ಹೆಸರೂ ಅವನದೇ ಆಯಿತು. ಹನ್ನೆರಡನೆಯ ಶತಮಾನದ ಶರಣ ಕುಂಬಾರ ಗುಂಡಯ್ಯನ ಮೇಲೆ ಹರಿಹರ ಕವಿ ರಗಳೆಯನ್ನೇ ಬರೆದ. ಗುಂಡಯ್ಯ ಗಡಿಗೆ ತಟ್ಟುವ ತಾಳಕ್ಕೆ ಶಿವನೇ ಕುಣಿದನೆಂಬ ಕತೆ ನಮಗೆಲ್ಲ ಗೊತ್ತು. ಆದರೆ ಅವನ ಹೆಂಡತಿ ಕೇತಲದೇವಿಯೂ ವಚನಕಾರ್ತಿ. ಅವಳದೆಂದು ನಮಗೆ ಉಳಿದು ಬಂದಿರುವುದು ಒಂದೇ ಒಂದು ವಚನ. ಆ ವಚನ ಶುರುವಾಗುವುದು ಮಣ್ಣಿನ ಹದದ ಮಾತಿನಿಂದ! ಗಂಡ ಮಡಕೆ ತಟ್ಟಿದ, ಹೆಂಡತಿ ಮಣ್ಣು ಹದ ಮಾಡಿದಳು. ಹದ ತಿಳಿದವಳ ಮಾತು ಒಂದೇ ಆದರೂ ಎಂಟುನೂರು ವರ್ಷ ದಾಟಿ ಬಂದಿದೆ.

ಮಣ್ಣು ನಾದುವುದನ್ನು ಕಲಿಸುವಾಗ ನಮ್ಮ ಮೇಷ್ಟ್ರು, ರೊಟ್ಟಿ ಹಿಟ್ಟು ಮಿದ್ದಿದ ಕೈಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ ಎಂದರು. ನಿಜ. ಒಳಗೆ ಗಾಳಿ ಉಳಿಯಬಾರದು, ಒಂದು ಕಡೆ ಗಟ್ಟಿ ಒಂದು ಕಡೆ ಮೆತ್ತಗೆ ಇರಬಾರದು, ಬಿರುಕು ಕಾಣಬಾರದು. ಮೂವತ್ತು ವರ್ಷ ಅಡಿಗೆಮನೆಯಲ್ಲಿ ಯಾರೂ ಬೆಲೆ ಕಟ್ಟದ ಆ ಅಂದಾಜು ನನ್ನ ಅಂಗೈಯಲ್ಲೇ ಇತ್ತು. ಮೊದಲ ಪಾತ್ರೆ ಅಷ್ಟೇನೂ ಗುಂಡಗೆ ಬರಲಿಲ್ಲ. ಆದರೆ ಅದರ ಒಳಗೋಡೆಯ ಮೇಲೆ ನನ್ನ ಬೆರಳಿನ ಸಾಲು ಹಾಗೆಯೇ ಉಳಿಯಿತು. ಅದನ್ನು ಒರೆಸಲು ಮನಸ್ಸಾಗಲಿಲ್ಲ.

ಎರಡನೆಯದು ಉಪ್ಪಿನಕಾಯಿ ಜಾಡಿ. ಅಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಂದ ಭರಣಿ ಈಚೆಗೆ ಬುಡದಲ್ಲಿ ಸೀಳು ಬಿಟ್ಟಿತ್ತು. ಅದೇ ಅಳತೆಯದು ಬೇಕು. ಅಮ್ಮನ ಲೆಕ್ಕದಲ್ಲಿ ಅಳತೆ ಎಂದರೆ ಅಂಗುಲವಲ್ಲ. ಇಪ್ಪತ್ತೈದು ಮಾವಿನಕಾಯಿ ಹಿಡಿಯಬೇಕು, ಮೇಲೆ ಎಣ್ಣೆ ನಿಲ್ಲಲು ನಾಲ್ಕು ಬೆರಳು ಜಾಗ ಉಳಿಯಬೇಕು. ಆದರೆ ಮಣ್ಣಿನ ಸ್ವಭಾವ ಕೇಳಿ. ಒಣಗುವಾಗ ಒಮ್ಮೆ ಕುಗ್ಗುತ್ತದೆ, ಸುಡುವಾಗ ಮತ್ತೊಮ್ಮೆ ಕುಗ್ಗುತ್ತದೆ. ನಮ್ಮ ಮಣ್ಣು ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತಿತ್ತು. 9 ಅಂಗುಲದ ಜಾಡಿ ಬೇಕಾದರೆ 10 ಅಂಗುಲಕ್ಕೆ ಎಬ್ಬಿಸಬೇಕು. ಮುಚ್ಚಳವನ್ನೂ ಅದೇ ಲೆಕ್ಕದಲ್ಲಿ ಮಾಡಬೇಕು.

ಉಪ್ಪಿನಕಾಯಿಗೆ ಮಡಕೆ ಏಕಾಗದು, ಜಾಡಿಯೇ ಏಕೆ ಬೇಕು? ಸಾಮಾನ್ಯ ಮಡಕೆಯನ್ನು 700ರಿಂದ 900 ಡಿಗ್ರಿಯಲ್ಲಿ ಸುಡುತ್ತಾರೆ. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ನೀರು ಆ ರಂಧ್ರಗಳಿಂದ ಜಿನುಗಿ ಆರುವುದರಿಂದಲೇ ಹೂಜಿಯ ನೀರು ತಣ್ಣಗಿರುವುದು. ಉಪ್ಪು, ಹುಳಿ, ಎಣ್ಣೆ ಹಾಗೆ ಜಿನುಗಿದರೆ ಕಾಯಿ ಕೆಡುತ್ತದೆ. ಜಾಡಿಯ ಮಣ್ಣೇ ಬೇರೆ. 1200 ಡಿಗ್ರಿ ದಾಟಿಸಿ ಸುಟ್ಟಾಗ ಅದರ ಕಣಗಳು ಕರಗಿ ಒಂದಕ್ಕೊಂದು ಬೆಸೆದು ಕಲ್ಲಿನಂತಾಗುತ್ತವೆ. ಮೇಲಿನ ಗಾಜಿನಂಥ ಲೇಪವನ್ನು ಉಪ್ಪಿನಿಂದಲೇ ತರುವ ಪದ್ಧತಿಯೂ ಉಂಟು. ಉರಿಯುವ ಭಟ್ಟಿಯೊಳಗೆ ಅಡಿಗೆ ಉಪ್ಪು ಎರಚಿದರೆ ಅದರ ಆವಿ ಮಣ್ಣಿನ ಮರಳಿನ ಅಂಶದೊಂದಿಗೆ ಕೂಡಿ ಹೊಳಪು ಕಟ್ಟುತ್ತದೆ. ಉಪ್ಪಿನಕಾಯಿ ಜಾಡಿಗೆ ಉಪ್ಪಿನದೇ ಕವಚ ನೋಡಿ!

ಈ ಜಾಡಿಯ ವಂಶಾವಳಿಯೂ ದೊಡ್ಡದು. ಹಿಂದಿ, ಉರ್ದು ಮಾತಾಡುವವರು ಇದನ್ನು ಮರ್ತಬಾನ್ ಎನ್ನುತ್ತಾರೆ. ಅದು ಬರ್ಮಾ ದೇಶದ ಒಂದು ಬಂದರಿನ ಹೆಸರು. ಹಡಗುಗಳಲ್ಲಿ ಎಣ್ಣೆ, ನೀರು, ಉಪ್ಪು ಹಾಕಿದ ಕಾಯಿ ತುಂಬಿಕೊಂಡು ಹೋಗಲು ಬಳಸುತ್ತಿದ್ದ ದೊಡ್ಡ ಜಾಡಿಗಳಿಗೆ ಆ ಬಂದರಿನ ಹೆಸರೇ ನಿಂತಿತು. ಹದಿನಾಲ್ಕನೆಯ ಶತಮಾನದ ಮೊರಾಕ್ಕೊ ಪ್ರವಾಸಿ ಇಬ್ನ್ ಬತೂತ ತನ್ನ ಪ್ರವಾಸ ಕಥನದಲ್ಲಿ ಶುಂಠಿ, ಮೆಣಸು, ನಿಂಬೆ, ಮಾವು ತುಂಬಿದ ಮರ್ತಬಾನ್‌ಗಳ ಮಾತೆತ್ತುತ್ತಾನೆ. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಅವನು, ಅಲ್ಲಿ ಅನ್ನದ ಜೊತೆ ಮಾವು, ನಿಂಬೆ, ಹಸಿ ಶುಂಠಿಯ ಉಪ್ಪಿನಕಾಯಿ ಬಡಿಸಿದ್ದನ್ನು ಮರೆಯದೆ ಬರೆದಿದ್ದಾನೆ. ಅದೇ ಊರಿನಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನು ಕಂಡೆನೆಂದೂ ಬರೆದಿದ್ದಾನೆ. ಸುಲ್ತಾನರ ಊಟದ ನೆನಪು ಉಳಿದದ್ದು ಉಪ್ಪಿನಕಾಯಿಯಿಂದ. ಆ ಕಾಯಿ ಹಾಕಿದವಳ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ನನ್ನ ಜಾಡಿ ಭಟ್ಟಿಯಿಂದ ಬಂದ ದಿನ ಅಮ್ಮ ಮೊದಲು ಮಾಡಿದ್ದು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟದ್ದು. ಠಣ್ ಎಂದಿತು. ಬಣ್ಣ ಹಳೆಯದರಂತೆ ಇರಲಿಲ್ಲ. ಆದರೆ ಕಾಯಿ ಇಪ್ಪತ್ತೈದೂ ಹಿಡಿದವು.

ಮೂರನೆಯ ಪಾತ್ರೆಯ ಬಗ್ಗೆ ಬರೆಯುವುದು ಸ್ವಲ್ಪ ಕಷ್ಟ. ಬ್ರಹ್ಮಗಿರಿಯ ವರದಿ 'ಏನ್ಷಿಯಂಟ್ ಇಂಡಿಯಾ' ಪತ್ರಿಕೆಯ 4ನೇ ಸಂಚಿಕೆಯಲ್ಲಿ ಅಚ್ಚಾಗಿದೆ. ಆ ಕಲ್ಲುಕೊಡಲಿಯ ಜನ ಎಳೆಯ ಕೂಸು ಸತ್ತರೆ ಅದನ್ನು ಮಡಕೆಯಲ್ಲಿಟ್ಟು, ದೂರದ ಸ್ಮಶಾನಕ್ಕೆ ಒಯ್ಯದೆ, ತಾವು ವಾಸವಿದ್ದ ಜಾಗದಲ್ಲೇ ಹೂಳುತ್ತಿದ್ದರು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆತ ನಡೆಸಿದಾಗಲೂ ಇಂಥ ಮಡಕೆಗಳು ಸಿಕ್ಕಿದವು. ವಿದ್ಯಾರ್ಥಿಯಾಗಿದ್ದಾಗ ಇದನ್ನು 'ಶವಸಂಸ್ಕಾರ ವಿಧಾನಗಳು' ಎಂಬ ತಲೆಬರಹದ ಕೆಳಗೆ ಎರಡನೆಯ ಅಂಶವಾಗಿ ಬರೆದು ಅಂಕ ಪಡೆದಿದ್ದೆ. ಕೈಯಲ್ಲಿ ಮಣ್ಣು ಹಿಡಿದು ಮತ್ತೆ ಓದಿದಾಗ ಅದು ಬರಿಯ ಅಂಶವಾಗಿ ಕಾಣಲಿಲ್ಲ. ಹೊಟ್ಟೆಯಂತೆ ದುಂಡಗಿನ ಮಡಕೆ. ಆ ತಾಯಿ ತಾನು ನಿತ್ಯ ಓಡಾಡುವ ನೆಲದ ಕೆಳಗೆ ಕೂಸನ್ನು ಇಟ್ಟುಕೊಂಡಿದ್ದಳು.

ನನಗಿಂತ ಮುಂಚೆ ಅಮ್ಮನಿಗೆ ಒಂದು ಹೆಣ್ಣು ಮಗು ಆಗಿತ್ತು. ಒಂಬತ್ತು ದಿನ ಇತ್ತಂತೆ. ನಾಮಕರಣವಾಗುವ ಮೊದಲೇ ಹೋದದ್ದರಿಂದ ಅದಕ್ಕೆ ಹೆಸರಿಲ್ಲ, ಫೋಟೋ ಇಲ್ಲ, ವರ್ಷಕ್ಕೊಮ್ಮೆ ನೆನೆಯುವ ದಿನವೂ ಇಲ್ಲ. ನಮ್ಮ ಮನೆಯಲ್ಲಿ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅಮ್ಮ ಮೂರು ಎನ್ನುತ್ತಾಳೆ, ನಾಲ್ಕು ಎನ್ನುವುದಿಲ್ಲ. ಈ ಸಂಗತಿಯನ್ನು ನನಗೆ ಹೇಳಿದವಳು ಸೋದರತ್ತೆ, ಅದೂ ನನ್ನ ಬಾಣಂತನದಲ್ಲಿ.

ಮೂರನೆಯದಾಗಿ ನಾನು ಮಾಡಿದ್ದು ಅಂಗೈಯಲ್ಲಿ ಕೂರುವಷ್ಟು ಚಿಕ್ಕ, ಮುಚ್ಚಳವಿರುವ ಒಂದು ಕುಡಿಕೆ. ಚಿತ್ತಾರವಿಲ್ಲ, ಹೊಳಪಿನ ಲೇಪವಿಲ್ಲ. ಬೆಣಚುಕಲ್ಲಿನಿಂದ ಉಜ್ಜಿ ನಯ ಮಾಡಿ ಸುಟ್ಟದ್ದು. ಮನೆಗೆ ತಂದಾಗ ಅಮ್ಮ, "ಇದಕ್ಕೇನು ಹಾಕಿಡ್ತೀ?" ಎಂದಳು. ಏನೂ ಇಲ್ಲ, ಅಕ್ಕನಿಗೆ ಎಂದೆ. ಅಮ್ಮ ಮಾತಾಡಲಿಲ್ಲ. ಕುಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ತನ್ನ ಮಂಚದ ತಲೆದೆಸೆಯ ಗೂಡಿನಲ್ಲಿಟ್ಟಳು. ರಾತ್ರಿ ದೀಪ ಆರಿಸುವ ಹೊತ್ತಿಗೆ, "ತಲೆ ತುಂಬ ಕೂದಲಿತ್ತು" ಎಂದಳು, ಅಷ್ಟೇ.

ಮೇಷ್ಟ್ರು ಕೊನೆಯ ದಿನ ಎಲ್ಲರ ಪಾತ್ರೆಗಳ ಬುಡ ತಿರುಗಿಸಿ ನೋಡಿದರು. ಕುಂಬಾರಿಕೆಯವರು ತಮ್ಮ ಗುರುತು ಹಾಕುವುದು ಬುಡದಲ್ಲಿ. ನನ್ನವುಗಳಲ್ಲಿ ಏನೂ ಇರಲಿಲ್ಲ. ಗುರುತು ಮಾಡಿದವಳದೋ ಬಳಸುವವಳದೋ ಎಂಬುದು ನನಗಿನ್ನೂ ಇತ್ಯರ್ಥವಾಗಿರಲಿಲ್ಲ. ಇದಕ್ಕೂ ಚರಿತ್ರೆಯಲ್ಲೊಂದು ಸುಳಿವಿದೆ. ನವಶಿಲಾಯುಗದ ಅನಂತರ ಬಂದ ಬೃಹತ್ ಶಿಲಾಗೋರಿಗಳ ಜನರ ಕಪ್ಪು–ಕೆಂಪು ಮಡಕೆಗಳ ಮೇಲೆ ಏಣಿ, ಬಾಣ, ಶಿಲುಬೆಯಂಥ ಗೀರುಗಳು ಕಾಣುತ್ತವೆ. 1960ರಲ್ಲಿ ಬಿ.ಬಿ. ಲಾಲ್ ಈ ಗೀರುಗಳನ್ನು ಹರಪ್ಪ ಸಂಸ್ಕೃತಿಯ ಗುರುತುಗಳೊಂದಿಗೆ ಹೋಲಿಸಿ ದೊಡ್ಡ ಲೇಖನ ಬರೆದರು. ಅದು ಲಿಪಿಯೇ, ಕುಲದ ಚಿಹ್ನೆಯೇ ಎಂಬ ಚರ್ಚೆ ಮುಗಿದಿಲ್ಲ. ಆದರೆ ಒಂದು ಮಾತು ನನಗೆ ಮುಖ್ಯವೆನಿಸಿತು. ಈ ಗೀರುಗಳಲ್ಲಿ ಹೆಚ್ಚಿನವು ಹಸಿಮಣ್ಣಿನ ಮೇಲಿನವಲ್ಲ, ಸುಟ್ಟ ಮೇಲೆ ಗೀಚಿದಂಥವು. ಅಂದರೆ ಮಡಕೆ ಕುಂಬಾರನ ಮನೆ ಬಿಟ್ಟ ಮೇಲೂ ಯಾರೋ ಗಟ್ಟಿ ಮೊನೆ ಹಿಡಿದು, ಇದು ನಮ್ಮದು ಎಂದು ಗೀಚಿರಬಹುದು.

ಇದನ್ನು ಓದುತ್ತಿರುವ ನಿಮ್ಮ ಮನೆಯ ಅಡಿಗೆಕೋಣೆಯ ಅಟ್ಟವನ್ನು ಒಮ್ಮೆ ನೋಡಿ. ಸ್ಟೀಲಿನ ಡಬ್ಬಿ, ತಂಬಿಗೆ, ಕೊಳಗಗಳ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತದೆ. ಕೆಲವದರಲ್ಲಿ ಗಂಡನ ಹೆಸರು, ಕೆಲವದರಲ್ಲಿ ಉಡುಗೊರೆ ಕೊಟ್ಟವರ ಹೆಸರು, ಮದುವೆಯ ತಾರೀಕು. ಎಲ್ಲೋ ಒಂದೆರಡರಲ್ಲಿ ತಾಯಿ ಹಟ ಹಿಡಿದು ಮಗಳದೇ ಹೆಸರು ಹಾಕಿಸಿರುತ್ತಾಳೆ. ಪಾತ್ರೆ ಅಂಗಡಿಯ ಮುಂದೆ ನಿಂತು, ಅಕ್ಷರ ತಪ್ಪಬಾರದೆಂದು ಚೀಟಿಯಲ್ಲಿ ಬರೆದುಕೊಟ್ಟು ಹಾಕಿಸಿದ ಹೆಸರು. ಹಿಂದೆ ಮಡಕೆಯ ಮೇಲೆ ಗೀಚಿದ ಆ ಕೈಗೂ ಈ ಚೀಟಿ ಹಿಡಿದ ಕೈಗೂ ನಡುವೆ ಬಹಳ ದೂರವಿಲ್ಲ ಎಂದು ನನ್ನ ನಂಬಿಕೆ. ಪಾತ್ರೆಯನ್ನು ಯಾರು ಮಾಡಿದರೇನು, ಅದರ ಅಳತೆ ತಿಳಿದವಳು, ಅದರಲ್ಲಿ ಏನಿದೆ ಎಂದು ಕತ್ತಲಲ್ಲೂ ಹೇಳಬಲ್ಲವಳು ಅದರ ಒಡತಿ. ನನ್ನ ಜಾಡಿಯ ಬುಡದಲ್ಲಿ ಈಗ ಅಮ್ಮನ ಹೆಸರಿದೆ, ಸುಟ್ಟ ಮೇಲೆ ಮೊಳೆಯ ಮೊನೆಯಿಂದ ಗೀಚಿದ್ದು. ಕುಡಿಕೆಯ ಬುಡವನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನು ಬರೆಯಬೇಕೆಂದು ಹೇಳಬೇಕಾದವಳು ಅಮ್ಮ.